ಸಂಕವಿಲ್ಲದ ಹಳ್ಳ

ತಮ್ಮಾ, ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, 'ಜಿಪಿಎಸ್ ಫೈಲುಗಳನ್ನು ಒಂದೊಂದಾಗಿ ಡೇಟಾಬೇಸಿಗೆ ತುಂಬಿ ಸಾಕಾಯ್ತು ದೊಡ್ಡಪ್ಪ, ಎಲ್ಲ ಆಟೊಮ್ಯಾಟಿಕ್ ಮಾಡಿಬಿಡ್ತೇನೆ' ಅಂತ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಕೈಯಿಂದ ತುಂಬುವಾಗ ನಿನ್ನ ಕಣ್ಣು ಎಷ್ಟೋ ತಪ್ಪುಗಳನ್ನು ತನ್ನಷ್ಟಕ್ಕೇ ಹಿಡಿಯುತ್ತಿತ್ತು. ನಾಳೆಯಿಂದ ಅವನ್ನು ಹಿಡಿಯುವವರು ಯಾರು?

ನಾನು ಶಿರಸಿ ಕಡೆಯ ಕಾಲುದಾರಿಗಳ ಟ್ರ್ಯಾಕುಗಳಿಗೆಂದು ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದು, ದಿನಾ ರಾತ್ರಿ ಓಡುವಂತೆ ಕ್ರಾನ್‌ಗೆ ಹಾಕಿದ್ದೆ. ಮೂರು ವಾರ ಒಂದೂ ಎರರ್ ಇಲ್ಲ. ಬೀಗುತ್ತ ನಕ್ಷೆ ತೆರೆದರೆ ಕಾಡಿನಲ್ಲಿ ಒಂದು ಗೆರೆಯೂ ಇಲ್ಲ! ಎಲ್ಲವೂ ನಾರ್ವೆಗೂ ಉತ್ತರಕ್ಕೆ, ಸ್ವಾಲ್‌ಬಾರ್ಡಿನ ಕೆಳಗಿನ ಸಮುದ್ರದಲ್ಲಿ ಈಜುತ್ತಿದ್ದವು. ಶಿರಸಿ ಇರುವುದು 14.6 ಡಿಗ್ರಿ ಉತ್ತರ, 74.8 ಡಿಗ್ರಿ ಪೂರ್ವದಲ್ಲಿ. ಫೈಲಿನಲ್ಲಿ ಅಕ್ಷಾಂಶ ಮೊದಲಿತ್ತು, ಪೋಸ್ಟ್‌ಜಿಐಎಸ್ ಡೇಟಾಬೇಸಿಗೆ ಬಿಂದು ಕಟ್ಟಲು ರೇಖಾಂಶ ಮೊದಲು ಬೇಕು. ನಾನು ಓದಿದ ಕ್ರಮದಲ್ಲೇ ಕೊಟ್ಟಿದ್ದೆ. 74.8 ಡಿಗ್ರಿ ಉತ್ತರವೂ ಭೂಮಿಯ ಮೇಲಿನ ಜಾಗವೇ ತಾನೆ, ಕಂಪ್ಯೂಟರು ತಕರಾರು ತೆಗೆಯಲಿಲ್ಲ. ಆಮೇಲೆ ಬಾಗಿಲಲ್ಲೇ ಕಾವಲು ಹಾಕಿದೆ: ಅಕ್ಷಾಂಶ 11ರಿಂದ 19, ರೇಖಾಂಶ 73ರಿಂದ 79, ಇದರ ಆಚೆಗಿನ ಫೈಲು ಒಳಗೆ ಬರುವ ಹಾಗಿಲ್ಲ. ಅದು 'ತಿರಸ್ಕೃತ' ಅನ್ನುವ ಫೋಲ್ಡರಿಗೆ ಹೋಗಬೇಕು, ಬೆಳಿಗ್ಗೆ ನನಗೆ ಮೆಯಿಲ್ ಬರಬೇಕು.

ಹೆಸರು ನಂಬಿ ಫೈಲು ಗುರುತಿಸಬೇಡ. ಕೆಲವು ಜಿಪಿಎಸ್ ಯಂತ್ರಗಳು ಎಲ್ಲರಿಗೂ 'ಕರೆಂಟ್' ಎಂಬ ಒಂದೇ ಹೆಸರಿನ ಫೈಲು ಕೊಡುತ್ತವೆ. ಒಳಗಿನ ಬರಹದ ಹ್ಯಾಶ್ ತೆಗೆದು ಅದಕ್ಕೆ ಯುನೀಕ್ ಕಟ್ಟು ಹಾಕಿದರೆ ಅದೇ ಫೈಲು ಹತ್ತು ಸಲ ಬಂದರೂ ಒಂದೇ ಸಲ ಸೇರುತ್ತದೆ. ಅರ್ಧ ಕಾಪಿಯಾದ ಫೈಲನ್ನು ಕ್ರಾನ್ ಎತ್ತಿಕೊಳ್ಳುವುದೂ ಉಂಟು, ಬೇರೆ ಹೆಸರಿನಲ್ಲಿ ಇಳಿಸಿ ಕೊನೆಗೆ ಹೆಸರು ಬದಲಿಸು. ಒಂದು ಫೈಲಿಗೆ ಒಂದು ಟ್ರಾನ್ಸಾಕ್ಷನ್. ಮೂಲ ಫೈಲನ್ನು ಮಾತ್ರ ಅಳಿಸಬೇಡ ಮಾರಾಯ.

ಸಮಯದ್ದೊಂದು ಪೇಚು. ಈ ಜಿಪಿಎಕ್ಸ್ ಫೈಲುಗಳಲ್ಲಿ ಇರುವುದು ಯುಟಿಸಿ ಸಮಯ. ಬೆಳಗಿನ ಜಾವ ಐದಕ್ಕೆ ಹೊರಟವನ ಲೆಕ್ಕ ಅಲ್ಲಿ ಹಿಂದಿನ ದಿನದ 23:30. ಟೈಮ್‌ಝೋನ್ ಸಮೇತ ಉಳಿಸು, ತೋರಿಸುವಾಗ ಐದೂವರೆ ತಾಸು ಕೂಡಿಸಿದರಾಯಿತು. ಯಾರಾದರೂ ತೀರಾ ಹಳೆಯ ಯಂತ್ರ ತಂದರೆ ಇಸವಿಯನ್ನೂ ನೋಡು. ಜಿಪಿಎಸ್‌ನ ವಾರದ ಎಣಿಕೆ 1024ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, 2019ರ ಏಪ್ರಿಲ್‌ನಲ್ಲಿ ಹಾಗೆ ತಿರುಗಿದಾಗ ಕೆಲವು ಯಂತ್ರಗಳು ಇಪ್ಪತ್ತು ವರ್ಷದಷ್ಟು ಹಿಂದಕ್ಕೆ ಹೋದವು.

ಇನ್ನು ಸೆಗ್ಮೆಂಟು. ದಟ್ಟ ಮರದಡಿ ಸಿಗ್ನಲ್ ಹೋದರೆ ಯಂತ್ರ ಟ್ರ್ಯಾಕನ್ನು ಅಲ್ಲಿಗೆ ತುಂಡರಿಸಿ, ಮತ್ತೆ ಸಿಕ್ಕಿದಾಗ ಹೊಸ ತುಂಡು ಶುರು ಮಾಡುತ್ತದೆ. ಓಜಿಆರ್‌ಟುಓಜಿಆರ್ ಎಂಬ ಸಾಧನ ಬಳಸಿದರೆ ತುಂಡುಗಳು ಮಲ್ಟಿಲೈನ್ ಆಗಿ ಹಾಗೇ ಉಳಿಯುತ್ತವೆ. ನಾನು ಸ್ವಂತ ಬುದ್ಧಿ ಓಡಿಸಿ ಎಲ್ಲ ಬಿಂದುಗಳನ್ನೂ ಒಂದೇ ದಾರಕ್ಕೆ ಪೋಣಿಸಿದ್ದೆ. ನಕ್ಷೆ ಚೆಂದ ಕಂಡಿತು, ಊರಿನವರಿಗೆಲ್ಲ ತೋರಿಸಿದೆ.

ದಿನಾ ಆ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವ ಅಜ್ಜ ಒಬ್ಬರು ಕನ್ನಡಕ ಏರಿಸಿ, ನೇರ ಹೋದ ಒಂದು ಗೆರೆಯ ಮೇಲೆ ಬೆರಳಿಟ್ಟರು. ಅಲ್ಲಿ ಆಳದ ಹಳ್ಳ, ನಾವೆಲ್ಲ ಮೈಲು ಸುತ್ತಿ ದಾಟುವ ಜಾಗ.

'ಇಲ್ಲಿ ಸಂಕ ಯಾವಾಗ ಹಾಕಿದ್ರೋ?' ಅಂದರು.