ಹರಿದ ಬಲೆಗೂ ಬೆಲೆ ಕಟ್ಟೋಣ

ನೀರುನಾಯಿ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ ಎಂದರೆ ನಮ್ಮ ಶ್ರೀರಂಗಪಟ್ಟಣದ ಕಡೆ ಈಗಲೂ ಅನೇಕರು ನಂಬುವುದಿಲ್ಲ. ಅದಕ್ಕೆ ಮೀನಿನಂತೆ ಕಿವಿರಿಲ್ಲ. ಮರಿಗೆ ಹಾಲೂಡಿಸುವ, ಗಾಳಿಗಾಗಿ ಮೇಲೆ ಬರಲೇಬೇಕಾದ ಪ್ರಾಣಿ. ಬಲೆ ಕುತ್ತಿಗೆಗೆ ಸುತ್ತಿಕೊಂಡರೆ ಉಳಿಗಾಲ ಕೆಲವೇ ನಿಮಿಷ. ಕರಾವಳಿಯಲ್ಲಿ ಡಾಲ್ಫಿನ್‌ಗಳು ಬಲೆಗೆ ಸಿಕ್ಕು ಸಾಯುವುದೂ ಹೀಗೆಯೇ. ಕಡಲಿಲ್ಲದ ಮಂಡ್ಯ ಜಿಲ್ಲೆಯಲ್ಲಿ ಆ ಸಂಕಟ ನೀರುನಾಯಿಯ ಪಾಲಿಗೆ ಬಂದಿದೆ.

ಹೊಳೆಯ ದಂಡೆಯಲ್ಲಿ ವರ್ಷಗಟ್ಟಲೆ ಓಡಾಡಿ ನಾನು ಕಲಿತದ್ದು ಇಷ್ಟು: ಬಲೆಗೆ ಬಿದ್ದ ನೀರುನಾಯಿಯ ಜೀವ ಅದನ್ನು ಮೊದಲು ಕಂಡವರ ಕೈಯಲ್ಲಿರುತ್ತದೆ. ಮೊದಲು ಕಾಣುವವರು ನಸುಕಿನಲ್ಲಿ ಬಲೆ ಎತ್ತಲು ತೆಪ್ಪ ಹಾಕುವ ಮೀನುಗಾರರು. ಅವರು ಫೋನ್ ಮಾಡದಿದ್ದರೆ ಯಾವ ಇಲಾಖೆಯೂ ಯಾವ ಸ್ವಯಂಸೇವಕನೂ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಮಾಡಲು ಅವರಿಗೆ ಹೆದರಿಕೆ. 2022ರ ತಿದ್ದುಪಡಿಯ ನಂತರ ನೀರುನಾಯಿ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಹುಲಿಗಿರುವ ರಕ್ಷಣೆಯೇ ಇದಕ್ಕೂ. ಕೇಸು ಮೈಮೇಲೆ ಬಂದೀತೆಂದು ಸುಮ್ಮನಾಗುವವರೇ ಹೆಚ್ಚು. ಹೊಟ್ಟೆಯುರಿಯೂ ಇದೆ. "ರಾತ್ರಿಯೆಲ್ಲ ಬಿಟ್ಟಿದ್ ಬಲೆ ಎತ್ತುದ್ರೆ ಬರೀ ಮೀನಿನ್ ತಲೆ ಅದೆ ಕಣಪ್ಪ, ಬಲೆನೂ ಹರ್ದದೆ. ಇದ್ಕೆ ಯಾರ್ ಕಾಸ್ ಕೊಡ್ತಾರೆ?" ಎಂದು ಹಿರಿಯರೊಬ್ಬರು ಕೇಳಿದ್ದರು. ಪ್ರಾಣಿದಯೆಯ ಭಾಷಣ ಆ ಪ್ರಶ್ನೆಗೆ ಉತ್ತರವಲ್ಲ. ನಾನು ಅವರ ಜೊತೆ ಕೂತು ಬಲೆ ಹೆಣೆದೆ.

ಮುಂದೊಂದು ಬೆಳಿಗ್ಗೆ ಫೋನ್ ಮಾಡಿದವರೂ ಅವರೇ. ನಾಗಮಂಗಲದ ಕಡೆಯಿಂದ ಇಳಿದು, ಪಾಂಡವಪುರದ ಸೀಮೆ ಹಾದು ಬರುವ ಲೋಕಪಾವನಿ ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುತ್ತದಲ್ಲ, ಅಲ್ಲಿ ಜೊಂಡಿನ ಅಂಚಿನಲ್ಲಿ ಎಳೆಯ ನೀರುನಾಯಿಯೊಂದು ಸಿಕ್ಕಿಬಿದ್ದಿತ್ತು. ನಾವು ಹೋಗುವಷ್ಟರಲ್ಲಿ ಹಿರಿಯರು ಬಲೆಯ ಆ ತುದಿಯನ್ನು ಎತ್ತಿ ಹಿಡಿದು ಅದರ ಮೂಗು ನೀರಿನ ಮೇಲೆ ಇರುವಂತೆ ನೋಡಿಕೊಂಡಿದ್ದರು. ಅದನ್ನು ಉಳಿಸಿದ್ದು ಆ ಕೆಲಸ, ನಮ್ಮದು ಆಮೇಲಿನದು. ಒದ್ದೆ ಗೋಣಿಚೀಲವನ್ನು ತಲೆಯ ಮೇಲೆ ಹೊದಿಸಿದೆವು. ಕಣ್ಣಿಗೆ ಕತ್ತಲಾದರೆ ಪ್ರಾಣಿಯ ಒದ್ದಾಟ ಇಳಿಯುತ್ತದೆ, ಮೀನಿನ ಮೂಳೆ ಕಟಕಟನೆ ಕಡಿಯುವ ಹಲ್ಲಿನಿಂದ ಕೈಯೂ ಉಳಿಯುತ್ತದೆ. ಎಳೆಯಬಾರದು, ಎಳೆದಷ್ಟೂ ನೈಲಾನ್ ಬಿಗಿಯುತ್ತದೆ. ಒಂದೊಂದೇ ಎಳೆ ಕತ್ತರಿಸಿ, ಕೊನೆಗೆ ಕುತ್ತಿಗೆಯ ತುಪ್ಪಳದೊಳಗೆ ಬೆರಳಾಡಿಸಿ ನೋಡಬೇಕು. ಅಲ್ಲಿ ಒಂದು ದಾರ ಉಳಿದರೂ ಪ್ರಾಣಿ ಬೆಳೆದಂತೆ ಅದು ಚರ್ಮ ಸೀಳುತ್ತಾ ಹೋಗುತ್ತದೆ. ಗಾಯವಿಲ್ಲದ್ದರಿಂದ ಅಲ್ಲೇ ಬಿಟ್ಟೆವು. ಜೊಂಡಿನಾಚೆ ಗುಂಪಿನ ಉಳಿದವು ಸಿಳ್ಳೆ ಹಾಕುತ್ತಲೇ ಇದ್ದವು.

ಮರಿಗಳ ವಿಷಯ ಬೇರೆ. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ದಂಡೆಯ ಬೇರುಗಳ ನಡುವಿನ ಬಿಲದಲ್ಲಿ ಅವು ಕಣ್ಣು ಬಿಡದೆ ಹುಟ್ಟುತ್ತವೆ. ಬಿಲ ಬದಲಿಸುವಾಗ ತಾಯಿ ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತದೆ. ಒಂಟಿ ಮರಿ ಕಂಡ ತಕ್ಷಣ ಅನಾಥವೆಂದು ಮನೆಗೆ ತಂದು ಹಸುವಿನ ಹಾಲು ಕುಡಿಸಬೇಡಿ. ನಾಯಿಗಳನ್ನೂ ಜನರನ್ನೂ ದೂರವಿಟ್ಟು, ಅರಣ್ಯ ಇಲಾಖೆಯ 1926ಕ್ಕೆ ತಿಳಿಸಿ, ದೂರ ನಿಂತು ಕಾಯಿರಿ.

ಸಿಡಿಮದ್ದು ಹಾಕಿ ಮೀನು ಹೊಡೆಯುವುದನ್ನು ಮಾತ್ರ ನಾನು ಮೀನುಗಾರಿಕೆ ಎನ್ನಲಾರೆ. ಮೊಟ್ಟೆ, ಮರಿಮೀನು, ನೀರುನಾಯಿಯ ಊಟ ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಬಲೆಯವರಿಗೂ ಅದು ಕಂಡರಾಗದು.

ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ. ನೀರುನಾಯಿ ಕುಟುಂಬದ ಓಡಾಟ ಹೊಳೆಯುದ್ದಕ್ಕೂ. ಮರಳು ಬಗೆದ, ಜೊಂಡು ಸುಟ್ಟ ದಂಡೆಯಲ್ಲಿ ಅದಕ್ಕೆ ಬಿಲವೇ ಸಿಗದು. ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕೆಆರ್‌ಎಸ್ ಹಿನ್ನೀರು, ಕೆ.ಆರ್. ಪೇಟೆಯ ಹೇಮಾವತಿ, ನಮ್ಮ ಕಾವೇರಿ ಸೇರಿಸಿ ಇಲ್ಲೂ ಅಂಥದ್ದೊಂದು ಆಗಬೇಕೆಂಬುದು ನನ್ನ ಹಂಬಲ. ಅದಕ್ಕೂ ಮುಂಚೆ ಆಗಬಹುದಾದ ಸಣ್ಣ ಕೆಲಸವಿದೆ: ಆನೆ ತುಳಿದ ಬೆಳೆಗೆ ಸರ್ಕಾರ ಪರಿಹಾರ ಕೊಡುವ ಹಾಗೆ, ನೀರುನಾಯಿ ಬಿಡಿಸಲು ಕತ್ತರಿಸಿದ ಬಲೆಗೂ ಅದೇ ವಾರ ಹಣ ಕೈ ಸೇರಲಿ.