ಮಳೆಯಲ್ಲಿ ಗಾಡಿ ಚಾರ್ಜಿಂಗ್: ಹೆದರಿಕೆ ಎಲ್ಲಿ, ಅಪಾಯ ಎಲ್ಲಿ?

ಮುಂಬಯಿಯ ನಮ್ಮ ಸದಸ್ಯರಲ್ಲಿ ಹಲವರು ಈಗ ಕ್ಯಾಟರಿಂಗ್ ಸಾಗಾಟಕ್ಕೆ, ಸ್ವಂತ ಓಡಾಟಕ್ಕೆ ಬ್ಯಾಟರಿ ಗಾಡಿ ಇಟ್ಟುಕೊಂಡಿದ್ದಾರೆ. ಜೂನ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಹೊರಗೆ ನಿಂತ ಗಾಡಿಯನ್ನು ಮಳೆಯಲ್ಲಿ ಚಾರ್ಜಿಗೆ ಹಾಕಬಹುದೇ? ಹಾಕಬಹುದು. ಆದರೆ ನಾವು ಹೆದರುವ ಜಾಗ ಒಂದು, ಅಪಾಯವಿರುವ ಜಾಗ ಇನ್ನೊಂದು.

ನಾವು ಹೆದರುವುದು ಗಾಡಿಗೆ ಸಿಕ್ಕಿಸುವ ಗನ್‌ಗೆ. ಅಲ್ಲಿ ವ್ಯವಸ್ಥೆ ಗಟ್ಟಿಯಾಗಿದೆ. ಕಾರುಗಳ ಟೈಪ್-2 ಗನ್ನಿನ ಏಳು ಪಿನ್ನುಗಳಲ್ಲಿ ಎರಡು ಕರೆಂಟಿಗಲ್ಲ, ಚಾರ್ಜರ್ ಮತ್ತು ಗಾಡಿಯ ಮಾತುಕತೆಗೆ. ಗನ್ ಪೂರ್ತಿ ಕೂತಿದೆ ಎಂದು ಖಾತ್ರಿಯಾದ ಮೇಲಷ್ಟೇ ಕರೆಂಟ್ ಹರಿಯುತ್ತದೆ. ಎಳೆದರೆ ಮೊದಲೇ ಕಡಿದುಹೋಗುತ್ತದೆ.

ಅಪಾಯ ಗೋಡೆಯ ಕಡೆ. ಗಾಡಿಯ ಜೊತೆ ಕೊಡುವ ಪೋರ್ಟೇಬಲ್ ಚಾರ್ಜರ್‌ನ ಮೂರು ಪಿನ್ ಪ್ಲಗ್ ನಮ್ಮ ಗ್ರೈಂಡರ್ ಪ್ಲಗ್‌ನಂಥದ್ದೇ, ನೀರು ತಡೆಯುವುದಿಲ್ಲ. ಕೇಬಲ್ ನಡುವಿನ ಪೆಟ್ಟಿಗೆ ತನ್ನ ಮುಂದಿನ ದಾರಿಯನ್ನು ಕಾಯುತ್ತದೆ, ಹಿಂದಿನ ಪ್ಲಗ್ಗನ್ನಲ್ಲ.

ನಮ್ಮಲ್ಲೇ ಒಂದು ಮಳೆಗಾಲ ಹಿಂಬಾಗಿಲಿನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು, ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಟ್ಟಿದ್ದೆವು. ರಾತ್ರಿ ಪಾತ್ರೆ ತೊಳೆಯುತ್ತಿದ್ದ ಹುಡುಗ ಬರಿಗಾಲಲ್ಲಿ ಹೋಗಿ ಅದನ್ನು ಸರಿಸಲು ಮುಟ್ಟಿದ. ಎರಡು ಮಾರು ದೂರ ಬಿದ್ದ. ಬದುಕಿದ್ದು ಅವನ ತಾಯಿಯ ಪುಣ್ಯ. ಬೆಳಿಗ್ಗೆ ವಾಯರ್‌ಮನ್ ಬಿಚ್ಚಿ ತೋರಿಸಿದ: ಚೀಲದೊಳಗೇ ನೀರು ನಿಂತಿತ್ತು, ಎಂಸಿಬಿ ಬಿದ್ದೇ ಇರಲಿಲ್ಲ. ಬೀಳುವುದೂ ಇಲ್ಲ. 16 ಆಂಪಿಯರ್ ಎಂಸಿಬಿ ಬೀಳುವುದು ಲೋಡ್ ಹೆಚ್ಚಾದಾಗ, ಶಾರ್ಟ್ ಆದಾಗ. ಮನುಷ್ಯನ ಪ್ರಾಣ ಹೋಗಲು ಆಂಪಿಯರ್‌ನ ಹತ್ತರಲ್ಲೊಂದು ಪಾಲು ಸಾಕು. ಆ ಸೋರಿಕೆ ಹಿಡಿಯುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಹಾಕಿಸಿದರೆ ಸಾಲದು, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಬೇಕು. ನಮ್ಮಲ್ಲಿ ಎಷ್ಟು ಜನ ಒತ್ತಿದ್ದೇವೆ?

ಕೇಂದ್ರ ವಿದ್ಯುತ್ ಪ್ರಾಧಿಕಾರವು ಚಾರ್ಜಿಂಗ್ ಸ್ಟೇಷನ್‌ಗಳಿಗೆ ಮಾಡಿರುವ ಸುರಕ್ಷತಾ ನಿಯಮವೂ ಇದನ್ನೇ ಹೇಳುತ್ತದೆ: 30 ಮಿಲಿ ಆಂಪಿಯರ್ ರಕ್ಷಣೆ ಬೇಕು, ಸಾಕೆಟ್ ನೆಲದಿಂದ 800 ಮಿಲಿಮೀಟರ್ ಮೇಲಿರಬೇಕು, ಎಕ್ಸ್‌ಟೆನ್ಶನ್ ಕೂಡದು. ಹೋಟೆಲಿನ ಹಿತ್ತಲಿಗೂ ಇದೇ ಅಳತೆ ಇಟ್ಟುಕೊಂಡರೆ ನಷ್ಟವಿಲ್ಲ. ಮೇಲೆ ಒಂದು ಶೀಟ್, ಮುಚ್ಚಳವಿರುವ ಹೊರಾಂಗಣ ಸಾಕೆಟ್, ಸರಿಯಾದ ಅರ್ತಿಂಗ್, ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನ್. ಮಿಕ್ಸರ್ ಹತ್ತು ನಿಮಿಷ ತಿರುಗಿ ನಿಲ್ಲುತ್ತದೆ; ಗಾಡಿ ರಾತ್ರಿಯಿಡೀ ಕರೆಂಟ್ ಎಳೆಯುತ್ತದೆ. ಹಳೆಯ ಸಡಿಲ ಸಾಕೆಟ್ ಕರಗುವುದು ಹೀಗೆ.

ನೀರು ಏರುವ ಗಲ್ಲಿಗಳ ಮಾತೇ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಬ್ಯಾಟರಿಗೆ ಐಪಿ 67 ಎಂದಿದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆಯ ಪರೀಕ್ಷೆ ಪಾಸಾಗಿದೆ ಎಂದಷ್ಟೇ ಅರ್ಥ. ರಾತ್ರಿಯಿಡೀ ಗಟಾರದ ನೀರಲ್ಲಿ ನಿಲ್ಲಬಹುದೆಂದಲ್ಲ. ಉಬ್ಬರದ ವೇಳೆ ಒಳನುಗ್ಗುವ ಉಪ್ಪುನೀರು ಇನ್ನೂ ಕೆಟ್ಟದ್ದು. 2022ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಯಾನ್ ಚಂಡಮಾರುತದ ಉಪ್ಪುನೀರಲ್ಲಿ ಮುಳುಗಿದ ಕೆಲವು ಗಾಡಿಗಳು ನೀರಿಳಿದ ಎಷ್ಟೋ ದಿನಗಳ ಮೇಲೆ ಹೊತ್ತಿಕೊಂಡವು. ಆದ್ದರಿಂದ ಗಾಡಿ ಮುಳುಗಿದರೆ ಸ್ಟಾರ್ಟ್ ಬೇಡ, ಚಾರ್ಜ್ ಬೇಡ. ಸರ್ವಿಸ್‌ನವರನ್ನು ಕರೆಸಿ, ಕಟ್ಟಡದಿಂದ ದೂರ ನಿಲ್ಲಿಸಿರಿ.

ಕೊನೆಗೆ, ಮಳೆಯೆಂದು ಡೆಲಿವರಿ ಸ್ಕೂಟರಿನ ಬ್ಯಾಟರಿ ಕಳಚಿ ತಂದು ಅಡುಗೆಮನೆಯಲ್ಲಿ ಸಿಲಿಂಡರ್ ಪಕ್ಕ ಚಾರ್ಜಿಗಿಡುವುದನ್ನು ಕೆಲವು ಕಡೆ ನಾವೇ ಕಂಡಿದ್ದೇವೆ. ದಯವಿಟ್ಟು ಇವತ್ತೇ ಅದನ್ನು ಅಲ್ಲಿಂದ ತೆಗೆಸಿ.