ನಫೂದ್ ಮರಳಿಗೆ ಎಂಥ ಪಿಕಪ್?

ಪಿಕಪ್ ಬೆನ್ನಿಗೆ ಕ್ಯಾಂಪರ್ ಕೂರಿಸಿಕೊಂಡು ಹಾಯಿಲ್‌ನಿಂದ ಹೊರಟು, ಜುಬ್ಬಾದ ಬಂಡೆಚಿತ್ರ ನೋಡಿ, ಅಲ್ಲಿಂದ ನಫೂದ್ ಮರಳಿಗೆ ಇಳಿಯೋಣ ಅಂದ್ಕೊಳ್ಳಿ. ಯಾವ ಗಾಡಿ ಬೇಕು?

ಎಷ್ಟು ಎಳೆಯುತ್ತೆ ಅಂತಲ್ಲ, ಎಷ್ಟು ಹೊರುತ್ತೆ ಅಂತ ಕೇಳಿ. ಉದಾಹರಣೆಗೆ, ಗಾಡಿಯ ಗರಿಷ್ಠ ಒಟ್ಟು ತೂಕ 4,500 ಕೆಜಿ, ಖಾಲಿ ತೂಕ 3,000 ಇದ್ದರೆ ಉಳಿಯೋದು 1,500. ಕ್ಯಾಂಪರ್, ಸಾಮಾನು, ನಾವು, ಎಲ್ಲ ಅದರೊಳಗೇ. ನೂರು ಲೀಟರ್ ನೀರೇ ನೂರು ಕೆಜಿ!

ಮರಳಲ್ಲಿ ಹೂತುಹೋಗದಿರಲು ಟೈರಿನ ಗಾಳಿ ಇಳಿಸ್ತೀವಿ. ನೆಲಕ್ಕೆ ತಾಗುವ ಭಾಗ ಉದ್ದವಾಗಿ ಭಾರ ಹರಡುತ್ತೆ. ಆದರೆ ಗಾಳಿ ಇಳಿದಷ್ಟೂ ಟೈರು ಹೊರಬಲ್ಲ ತೂಕವೂ ಇಳಿಯುತ್ತೆ. ಇನ್ನೂ ದೊಡ್ಡ ಗಾಡಿ ತಗೊಂಡ್ರೆ? ಅದೂ ಭಾರ, ಅದೂ ಹೂಳುತ್ತೆ. ಹಾಗಾಗಿ ನಾವಾದ್ರೆ ಮೊದಲು ಕ್ಯಾಂಪರ್ ಚಿಕ್ಕದು ಮಾಡ್ತೀವಿ. ಮರಳಲ್ಲಿ ನಿಧಾನವಾಗಿ ಓಡಿಸಿ. ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಿ, ಇಲ್ಲದಿದ್ರೆ ಟೈರು ಕಾದು ಸಿಡಿಯಬಹುದು.